ಪೋಸ್ಟ್‌ಡಾಕ್‌ಗೆ ಹಾಕ್ಲಾ, ಲೆಕ್ಚರರ್ ಪೋಸ್ಟ್‌ಗೆ ಹಾಕ್ಲಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಪಿಎಚ್‌ಡಿ ಥೀಸಿಸ್ ಸಬ್ಮಿಟ್ ಮಾಡಿದೀನಿ, ವೈವಾ (ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ) ಬಾಕಿ ಇದೆ. ಒಂದೇ ಯೂನಿವರ್ಸಿಟಿಲಿ ಎರಡು ಪೋಸ್ಟ್ ಕರೆದಿದಾರೆ, ಒಂದು ಪ್ರಾಜೆಕ್ಟ್ ಮೇಲೆ ಎರಡು ವರ್ಷದ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ್ಮೇಲೆ ಮಾಡೋ ತಾತ್ಕಾಲಿಕ ರಿಸರ್ಚ್ ಕೆಲಸ), ಇನ್ನೊಂದು ಲೆಕ್ಚರರ್. ಗೈಡ್ ಪೋಸ್ಟ್‌ಡಾಕ್ ಮಾಡು ಅಂತಾರೆ, ಸೀನಿಯರ್ಸ್ ಲೆಕ್ಚರರ್ ಬಿಡಬೇಡ ಅಂತಾರೆ, ನಂಗೆ ರಿಸರ್ಚೂ ಇಷ್ಟ ಪಾಠ ಮಾಡೋದೂ ಇಷ್ಟ. ಎರಡಕ್ಕೂ ಹಾಕಿದ್ರೆ ತಪ್ಪು ತಿಳ್ಕೊತಾರಾ? ಒಂದೇ ಅಪ್ಲಿಕೇಶನ್ ಎರಡಕ್ಕೂ ನಡೆಯುತ್ತಾ?

ಉತ್ತರ 1:
ಪೋಸ್ಟಿನ ಹೆಸರು ನೋಡಿ ತೀರ್ಮಾನ ಮಾಡ್ಬೇಡಿ. ಬ್ರಿಟನ್ನಲ್ಲಿ ಲೆಕ್ಚರರ್ ಅಂದ್ರೆ ಹೆಚ್ಚುಕಮ್ಮಿ ಅಮೆರಿಕದ ಅಸಿಸ್ಟೆಂಟ್ ಪ್ರೊಫೆಸರ್ ಇದ್ದಂಗೆ, ಅದೇ ಅಮೆರಿಕದಲ್ಲಿ ಲೆಕ್ಚರರ್ ಅಂದ್ರೆ ಸಾಮಾನ್ಯವಾಗಿ ಬರೀ ಪಾಠದ ಕಾಂಟ್ರಾಕ್ಟ್ ಕೆಲಸ. ಜರ್ಮನಿಯವ್ರು 2002ರಲ್ಲಿ ಜೂನಿಯರ್ ಪ್ರೊಫೆಸರ್ ಅಂತ ಒಂದು ಪೋಸ್ಟ್ ತಂದ್ರು, ಹೆಸರಲ್ಲಿ ಪ್ರೊಫೆಸರ್ ಇದ್ರೂ ಅದು ಅವಧಿ ಪೋಸ್ಟೇ, ಟೆನ್ಯೂರ್ ಟ್ರ್ಯಾಕ್ ಅಂತ ಆಡ್‌ನಲ್ಲಿ ಬರೆದಿದ್ರೆ ಮಾತ್ರ ಪರ್ಮನೆಂಟ್ ಆಗೋ ದಾರಿ ಇರುತ್ತೆ. ಹಾಗಾಗಿ ಎಷ್ಟು ವರ್ಷ, ಸಂಬಳ ಡಿಪಾರ್ಟ್‌ಮೆಂಟಿಂದನಾ ಗ್ರಾಂಟಿಂದನಾ (ಪ್ರಾಜೆಕ್ಟ್‌ಗೆ ಅಂತ ಬಂದ ದುಡ್ಡು), ವಾರಕ್ಕೆ ಎಷ್ಟು ಗಂಟೆ ಪಾಠ, ಇದನ್ನ ಮೊದ್ಲು ಹುಡುಕಿ.

ಉತ್ತರ 2:
ನಾನು ಪಾಠದ ಪೋಸ್ಟಲ್ಲಿ ಇದೀನಿ, ಖುಷಿಯಾಗೇ ಇದೀನಿ. ಆದ್ರೆ ಆಡ್‌ನಲ್ಲಿ ಬರೆಯೋ ಗಂಟೆ ಕ್ಲಾಸಿಂದು ಮಾತ್ರ, ಹೊಸ ಕೋರ್ಸ್ ಆದ್ರೆ ನೋಟ್ಸ್ ಮಾಡೋದು, ಪೇಪರ್ ತಿದ್ದೋದು, ಬಾಗಿಲ ಹತ್ರ ಬಂದು ನಿಲ್ಲೋ ಸ್ಟೂಡೆಂಟ್ಸ್ ಜೊತೆ ಮಾತಾಡೋದು ಇದ್ಯಾವ್ದೂ ಅದ್ರಲ್ಲಿ ಬರಲ್ಲ, ಮೊದಲ ವರ್ಷ ರಿಸರ್ಚ್ ನಿಂತೇ ಹೋಗುತ್ತೆ ಅಂತ ಇಟ್ಕೊಳಿ. ಇನ್ನೊಂದು, ಪೋಸ್ಟ್‌ಡಾಕ್ ಆಮೇಲೆ ಮಾಡಿದ್ರಾಯ್ತು ಅನ್ನೋದು ಎಲ್ಲಾ ಕಡೆ ನಡೆಯಲ್ಲ. ಪೋಸ್ಟ್‌ಡಾಕ್ ಮಾಡೋಕೆ ದುಡ್ಡು ಕೊಡೋ ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಪಿಎಚ್‌ಡಿ ಆದ್ಮೇಲೆ ಗರಿಷ್ಠ 8 ವರ್ಷದ ರಿಸರ್ಚ್ ಅನುಭವ ಅಂತ ಮಿತಿ ಇದೆ, ಮಗು ಮನೆ ಅಂತ ಬಿಟ್ಟ ಸಮಯ ಅದಕ್ಕೆ ಸೇರಲ್ಲ, ಅದು ಒಳ್ಳೇದೇ. ಲೆಕ್ಚರರ್ ಕೆಲಸದ ಬಾಗಿಲು ಪೋಸ್ಟ್‌ಡಾಕ್ ಆದ್ಮೇಲೂ ತೆರೆದೇ ಇರುತ್ತೆ, ಅದಕ್ಕೆ ನನ್ನ ಓಟು ಪೋಸ್ಟ್‌ಡಾಕ್‌ಗೆ.

ಉತ್ತರ 3:
ಎರಡಕ್ಕೂ ಹಾಕಿ, ಯಾರೂ ತಪ್ಪು ತಿಳ್ಕೊಳಲ್ಲ, ಸಾಮಾನ್ಯವಾಗಿ ಕಮಿಟಿಗಳೇ ಬೇರೆ ಬೇರೆ. ಆದ್ರೆ ಒಂದೇ ಅಪ್ಲಿಕೇಶನ್ ಖಂಡಿತ ಕಳಿಸ್ಬೇಡಿ. ಪೋಸ್ಟ್‌ಡಾಕ್ ಕೊಡೋರಿಗೆ ಅವ್ರ ಪ್ರಾಜೆಕ್ಟ್ ಕೆಲಸ ನಾಳೆನೇ ಹಿಡಿಯೋರು ಬೇಕು, ಅದಕ್ಕೆ ಅವ್ರ ಈಚಿನ ಪೇಪರ್ ಓದಿ ನಿಮ್ಮ ಯಾವ ಮೆಥಡ್ ಅಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ನೇರವಾಗಿ ಬರೀರಿ. ಲೆಕ್ಚರರ್ ಪೋಸ್ಟ್‌ಗೆ ಟೀಚಿಂಗ್ ಸ್ಟೇಟ್‌ಮೆಂಟ್ (ನೀವು ಹೆಂಗೆ ಪಾಠ ಮಾಡ್ತೀರಿ ಅಂತ ಬರೆಯೋ ಬರಹ) ಕೇಳ್ತಾರೆ, ಅಲ್ಲಿ "ನನಗೆ ಬೋಧನೆ ಅಂದ್ರೆ ಪ್ರಾಣ" ಅಂತ ಬರೆದ್ರೆ ಏನೂ ತಿಳಿಯಲ್ಲ, ಅವ್ರ ಸಿಲಬಸ್ ತೆಗೆದು ಯಾವ ಕೋರ್ಸ್ ತಗೊಳ್ತೀರಿ, ಮಕ್ಕಳು ಯಾವ ಟಾಪಿಕಲ್ಲಿ ಎಡವ್ತಾರೆ, ನೀವದನ್ನ ಹೆಂಗೆ ಹೇಳ್ಕೊಡ್ತೀರಿ ಅಂತ ಬರೀರಿ. ರೆಫರೆನ್ಸ್ ಲೆಟರ್ ಬರೆಯೋರಿಗೂ ಎರಡೂ ಆಡ್ ಕಳಿಸಿ, ಟೈಮ್ ಕೊಡಿ, ಇಲ್ಲಾಂದ್ರೆ ಎರಡಕ್ಕೂ ಒಂದೇ ಲೆಟರ್ ಹೋಗುತ್ತೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಈಗ ನೋಡಿದ್ರೆ ಪೋಸ್ಟ್‌ಡಾಕ್ ಆಡ್‌ನಲ್ಲಿ "ಡಿಗ್ರಿ ಕೈಲಿರಬೇಕು" ಅಂತಿದೆ, ವೈವಾ ಆಗಿಲ್ವಲ್ಲ?

ಉತ್ತರ 3:
ಕೆಲಸಕ್ಕೆ ಸೇರೋ ದಿನಕ್ಕಾ, ಅರ್ಜಿ ಹಾಕೋ ದಿನಕ್ಕಾ ಅಂತ ಆಡ್ ಕೆಳಗಿರೋ ಕಾಂಟ್ಯಾಕ್ಟ್‌ಗೆ ಇವತ್ತೇ ಮೇಲ್ ಹಾಕಿ. ಪ್ರಾಜೆಕ್ಟ್ ಎರಡು ವರ್ಷದ ಮೇಲೆ ಮುಂದುವರಿಯುತ್ತಾ ಅನ್ನೋದನ್ನೂ ಅದ್ರಲ್ಲೇ ಕೇಳ್ಬಿಡಿ.