ಕೊಂಡೊತ್ತಿಯೆರೊ: ಬಾಡಿಗೆ ಸೈನಿಕ ಅಂದರೆ ಸಾಕೇ?

14-15ನೇ ಶತಮಾನದ ಇಟಲಿಯ ಯುದ್ಧಗಳ ಬಗ್ಗೆ ಬರೆಯುತ್ತಿದ್ದೇನೆ. ಕೊಂಡೊತ್ತಿಯೆರೊ ಅನ್ನುವ ಪದಕ್ಕೆ ಕನ್ನಡದಲ್ಲಿ ಏನು ಹಾಕೋದು? 'ಬಾಡಿಗೆ ಸೈನಿಕ' ಅಂತ ಬರೆಯೋದು ರೂಢಿ, ಅಲ್ವಾ? ನನಗೆ ಅದು ಸರಿ ಕಾಣುತ್ತಿಲ್ಲ.

ಪದದ ಬೇರು ಕೊಂಡೊತ್ತಾ, ಅಂದರೆ ಕರಾರು. ಫ್ಲಾರೆನ್ಸ್, ವೆನಿಸ್, ಮಿಲಾನ್‌ನಂಥ ರಾಜ್ಯಗಳು ಒಬ್ಬೊಬ್ಬ ಸೈನಿಕನನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ದಂಡು ಕಟ್ಟಿಕೊಂಡಿದ್ದವನ ಜೊತೆಗೇ ಕರಾರು ಬರೆದುಕೊಳ್ಳುತ್ತಿದ್ದವು: ಎಷ್ಟು ಜನ, ಎಷ್ಟು ಕುದುರೆ, ಎಷ್ಟು ತಿಂಗಳು, ಹಣ ಎಷ್ಟು. ಅವಧಿಯಲ್ಲೂ ಎರಡು ಭಾಗ. ಮೊದಲನೆಯದು ಖಾತ್ರಿ, ಎರಡನೆಯದನ್ನು ಮುಂದುವರಿಸೋದು ಬಿಡೋದು ಹಣ ಕೊಡುವವರ ಇಷ್ಟ. ಈ ಕರಾರು ಮಾಡಿಕೊಂಡ ನಾಯಕ ಕೊಂಡೊತ್ತಿಯೆರೊ. ಅವನ ಕೈಕೆಳಗೆ ಸಂಬಳಕ್ಕೆ ಬಡಿದಾಡುವವನು ಬಾಡಿಗೆ ಸೈನಿಕ. ಇಬ್ಬರಿಗೂ ಒಂದೇ ಪದ ಹಾಕಿದರೆ ಆ ಕಾಲದ ರಾಜಕೀಯವೇ ಅರ್ಥವಾಗೋದಿಲ್ಲ.

ಇಂಗ್ಲೆಂಡಿನ ಜಾನ್ ಹಾಕ್‌ವುಡ್‌ನನ್ನೇ ನೋಡಿ. 1360ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಒಪ್ಪಂದವಾಗಿ ಯುದ್ಧ ನಿಂತಾಗ ಕೆಲಸವಿಲ್ಲದೆ ಉಳಿದ ಸೈನಿಕರ ಗುಂಪಿನ ಜೊತೆ ಇಟಲಿ ಸೇರಿದವನು. 1364ರಲ್ಲಿ ಪೀಸಾ ಪರವಾಗಿ ಫ್ಲಾರೆನ್ಸ್ ವಿರುದ್ಧ ಹೋರಾಡಿದ. ಮುಂದೆ ಅದೇ ಫ್ಲಾರೆನ್ಸಿನ ದಂಡು ನಡೆಸಿದ. 1394ರಲ್ಲಿ ಸತ್ತಾಗ ಊರು ಅವನಿಗೆ ದೊಡ್ಡ ಮರ್ಯಾದೆಯನ್ನೇ ಮಾಡಿತು. ಕುದುರೆ ಮೇಲೆ ಕೂತಿರುವ ಅವನ ಚಿತ್ರವನ್ನು 1436ರಲ್ಲಿ ಉಚ್ಚೆಲ್ಲೊ ಅಲ್ಲಿನ ಕತೀಡ್ರಲ್ ಗೋಡೆಯ ಮೇಲೆ ಬರೆದ, ಈಗಲೂ ಇದೆ. ಕಾರ್ಮಾನ್ಯೋಲಾನ ಗತಿ ಬೇರೆ. ಮಿಲಾನ್ ಬಿಟ್ಟು ವೆನಿಸ್ ಕಡೆ ಬಂದ ಅವನು 1427ರಲ್ಲಿ ಮಾಕ್ಲೋದಿಯೋದಲ್ಲಿ ಮಿಲಾನನ್ನು ಸೋಲಿಸಿ, ಸೆರೆ ಸಿಕ್ಕವರನ್ನು ಬಿಟ್ಟು ಕಳಿಸಿದ. ವೆನಿಸಿಗೆ ಗುಮಾನಿ ಹತ್ತಿತು. 1432ರಲ್ಲಿ ಅವನ ತಲೆ ತೆಗೆಸಿತು. ಫ್ರಾಂಚೆಸ್ಕೊ ಸ್ಫೋರ್ಜಾ ಅಂತೂ 1450ರಲ್ಲಿ ಮಿಲಾನಿನ ದೊರೆಯೇ ಆದ. ಇವರನ್ನೆಲ್ಲ ಸುಮ್ನೆ ಬಾಡಿಗೆ ಸೈನಿಕರು ಅನ್ನೋದು ಹೇಗೆ?

ನಮ್ಮ ಹಳೆಯ ಪದಗಳನ್ನೂ ನೋಡಿದೆ. ದಳವಾಯಿ, ದಂಡನಾಯಕ ಅಂದರೆ ಒಬ್ಬ ಅರಸನ ಅಧಿಕಾರಿ, ಇಲ್ಲಿಗೆ ಹೊಂದೋದಿಲ್ಲ. ಪಾಳೆಯಗಾರನಿಗೆ ತನ್ನದೇ ನೆಲ, ಕೋಟೆ ಇರುತ್ತದೆ. ಕೆಲವು ಕೊಂಡೊತ್ತಿಯೆರಿಗಳಿಗೂ ಅದು ಇತ್ತು, ಆದರೆ ಅವರ ಕಸುಬಿನ ತಿರುಳು ಅದಲ್ಲ. ನನ್ನ ಒಲವು 'ದಂಡಿನ ಗುತ್ತಿಗೆದಾರ' ಅನ್ನೋದರ ಕಡೆ. ಗುತ್ತಿಗೆದಾರ ಅಂದ ಕೂಡಲೇ ರಸ್ತೆ ಮಾಡಿಸುವವನ ನೆನಪಾಗುತ್ತದೆ ಅಂತ ಯಾರಾದರೂ ಹೇಳಬಹುದು. ಆಗಲಿ ಬಿಡಿ, ಮುಂಗಡ ತಗೊಂಡು, ಜನ ಸೇರಿಸಿ, ಬಾಕಿಗಾಗಿ ಜಗಳವಾಡುವ ಕಸುಬು ಇದೂ ಹೌದು.

ಇನ್ನೊಂದು ಕೇಳೋದಿದೆ. ಕರಾರುಗಳಲ್ಲಿ ಲಾಂಚಾ ಅನ್ನೋ ಲೆಕ್ಕ ಬರುತ್ತದೆ. ಪದದ ಅರ್ಥ ಭರ್ಜಿ. ಆದರೆ ಲೆಕ್ಕದಲ್ಲಿ ಅದು ಮೂವರ ತಂಡ: ಕವಚ ತೊಟ್ಟ ಸವಾರ, ಅವನ ಸಹಾಯಕ, ಜೊತೆಗೊಬ್ಬ ಹುಡುಗ. 'ನೂರು ಭರ್ಜಿ' ಅಂತ ಬರೆದರೆ ಓದುವವರು ನೂರು ಜನ ಅಂದುಕೊಳ್ಳುತ್ತಾರೆ. 'ಭರ್ಜಿತಂಡ' ಅನ್ನಬಹುದೇ, ಅಥವಾ ಲಾಂಚಾ ಅಂತಲೇ ಉಳಿಸಿಕೊಳ್ಳೋದು ಒಳ್ಳೆಯದೇ?