ಚಿಪ್‌ಟ್ಯೂನ್‌ಗೆ ಕನ್ನಡ ಪದ: ಇವತ್ತು ಸಂಜೆಯೊಳಗೆ ಬೇಕು

ಉಡುಪಿಯಿಂದ, ಬೆಳಿಗ್ಗೆ 9.20

ಎಲ್ಲರಿಗೂ ನಮಸ್ಕಾರ. ಭಾನುವಾರ ಇಲ್ಲಿ ಹೈಸ್ಕೂಲ್ ಮಕ್ಕಳಿಗೆ ಚಿಪ್‌ಟ್ಯೂನ್, ಅಂದರೆ ಹಳೆ ವಿಡಿಯೋ ಗೇಮ್ ಯಂತ್ರಗಳ ಸದ್ದಿನ ಚಿಪ್‌ನಿಂದ ಮಾಡುವ ಸಂಗೀತದ ಒಂದು ಶಿಬಿರ ಇಟ್ಟುಕೊಂಡಿದ್ದೇವೆ. ಕೈಯಲ್ಲಿ ಹಿಡಿದು ಆಡುವ ಎರಡು ಹಳೆ ಗೇಮ್‌ಬಾಯ್ ಇವೆ, ನಾಲ್ಕು ಪೆನ್ಸಿಲ್ ಸೆಲ್ ಹಾಕುವ ದಪ್ಪನೆಯವು. ಅದರಲ್ಲಿ ಎಲ್‌ಎಸ್‌ಡಿಜೆ ಎಂಬ ಹಾಡು ಕಟ್ಟುವ ಸಾಫ್ಟ್‌ವೇರಿನ ಕಾರ್ಟ್ರಿಡ್ಜ್. ಉಳಿದ ಮಕ್ಕಳಿಗೆ ಫೋನಿನಲ್ಲಿ ನ್ಯಾನೋಲೂಪ್ ಆ್ಯಪ್. ಇಷ್ಟರಲ್ಲೇ ಹಾಡು ಮಾಡಿಸುವುದು. ಬ್ಯಾನರ್ 5 ಗಂಟೆಗೆ ಅಂಗಡಿಗೆ ಕೊಡಬೇಕು. 'ಚಿಪ್‌ಟ್ಯೂನ್ ಶಿಬಿರ' ಎಂದು ಬರೆದು ಮನೆಯಲ್ಲಿ ತೋರಿಸಿದೆ. ಅಮ್ಮ ಕೇಳಿದ್ದು, ಹಲಸಿನ ಚಿಪ್ಸಾ ಬಾಳೆಕಾಯಿದಾ ಎಂದು. ಹಾಗಾಗಿ ಒಂದು ಕನ್ನಡ ಪದ ಕೊಡಿ. ದೊಡ್ಡ ಅಕ್ಷರದಲ್ಲಿ ಒಂದೇ ಸಾಲಿಗೆ ಹಿಡಿಸಬೇಕು.

ಪುತ್ತೂರಿನಿಂದ, 9.50

ಚಿಪ್ಪುಲಿ. ಚಿಪ್ಪು + ಉಲಿ (ಸದ್ದು), ಲೋಪಸಂಧಿ. ಬೇರೆ ಹುಡುಕುವುದು ಬೇಡ.

ಮಂಗಳೂರಿನಿಂದ, 10.05

ಮಾಷ್ಟ್ರೇ, ಚಿಪ್ಪುಲಿ ಎಂದು ಬ್ಯಾನರ್ ಕಟ್ಟಿದರೆ ಜನ ಅದು ಯಾವುದೋ ಹೊಸ ಹುಲಿವೇಷದ ತಂಡ ಎಂದುಕೊಳ್ಳುತ್ತಾರೆ. ತಾಸೆ ಬಡಿಯುವವರೂ ಬಂದು ನಿಂತಾರು. ಅದೂ ಅಲ್ಲದೆ ಇಲ್ಲಿ ಚಿಪ್ಪು ಎಂದ ಕೂಡಲೇ ನೆನಪಾಗುವುದು ಮರುವಾಯಿ, ಅದೇ ತಿನ್ನುವ ಚಿಪ್ಪುಮೀನು. ಇಲ್ಲವಾದರೆ 'ಕೈಗೆ ಚಿಪ್ಪು ಕೊಟ್ಟರು', ಅಂದರೆ ಏನೂ ಕೊಡದೆ ಮೋಸ ಮಾಡಿದರು ಎನ್ನುವ ಮಾತು. ಮಕ್ಕಳಿಂದ ಫೀಸು ಬೇರೆ ತಗೊಳ್ಳುತ್ತಿದ್ದೀರಿ, ನೋಡಿಕೊಳ್ಳಿ. ಸುಮ್ನೆ '8-ಬಿಟ್ ಸಂಗೀತ' ಎಂದು ಹಾಕಿ. ಎಲ್ಲರಿಗೂ ಗೊತ್ತಾಗುತ್ತದೆ.

ಪುತ್ತೂರಿನಿಂದ, 10.30

ನಗುವುದು ಸುಲಭ. ಚಿಪ್ಪು ನಮ್ಮದೇ ಮಾತು. ತೆಲುಗಿನಲ್ಲಿ ಚಿಪ್ಪ, ತಮಿಳಿನಲ್ಲಿ ಸಿಪ್ಪಿ. ಒಳಗಿನ ಮೆತ್ತಗಿನದನ್ನು ಕಾಯುವ ಗಟ್ಟಿ ಹೊದಿಕೆ ಎಂದು ಅರ್ಥ. ಕಪ್ಪು ಪ್ಲಾಸ್ಟಿಕ್ಕಿನ ಒಳಗೆ ಸಿಲಿಕಾನ್ ಕೂತಿರುತ್ತದಲ್ಲ, ಅದಕ್ಕೆ ಇಂಗ್ಲಿಷಿನ ಪದಕ್ಕಿಂತ ಇದೇ ಚೆನ್ನಾಗಿ ಒಪ್ಪುತ್ತದೆ. ಅವರ ಚಿಪ್ ಎಂದರೆ ಬರೀ ಚಕ್ಕೆ, ಮರದಿಂದ ಎದ್ದ ಚೂರು. ಕಿಟ್ಟೆಲ್ 1894ರಲ್ಲಿ ನಿಮ್ಮ ಮಂಗಳೂರಿನಲ್ಲೇ ಅಚ್ಚು ಮಾಡಿಸಿದ ನಿಘಂಟನ್ನು ತೆಗೆದು ನೋಡಿ. ಅದರಲ್ಲಿ ಚಿಪ್ಪು ಇದೆ, 8-ಬಿಟ್ ಇಲ್ಲ.

ಮಂಗಳೂರಿನಿಂದ, 10.34

ಗೇಮ್‌ಬಾಯ್ ಬಂದದ್ದು 1989ರಲ್ಲಿ ಮಾಷ್ಟ್ರೇ. ಕಿಟ್ಟೆಲ್ ಅವರಿಗೆ ಸ್ವಲ್ಪ ಅರ್ಜೆಂಟ್ ಆಯಿತು.

ಕುಂದಾಪುರದಿಂದ, 11.40

8-ಬಿಟ್ ಬೇಡ. ತಪ್ಪು. 8 ಎನ್ನುವುದು ಪ್ರೊಸೆಸರ್ ಒಮ್ಮೆಗೆ ಎಷ್ಟು ಬಿಟ್ ಹಿಡಿಯುತ್ತದೆ ಎನ್ನುವ ಲೆಕ್ಕ, ಸದ್ದಿನದ್ದಲ್ಲ. ಗೇಮ್‌ಬಾಯ್‌ನಲ್ಲಿ ಸದ್ದಿಗೆ ನಾಲ್ಕೇ ದಾರಿ. ಎರಡರಲ್ಲಿ ಚೌಕ ಅಲೆ, ಅಂದರೆ ಆ ಪೀಂ ಪೀಂ ಸ್ವರ. ಒಂದರಲ್ಲಿ ಬರೀ ಸುಯ್ಯೆನ್ನುವ ಗದ್ದಲ, ಅದನ್ನೇ ಸಣ್ಣ ಸಣ್ಣ ಚೂರು ಮಾಡಿ ತಾಳಕ್ಕೆ ಬಳಸುತ್ತಾರೆ. ಇನ್ನೊಂದರಲ್ಲಿ ಅಲೆಯ ಆಕಾರವನ್ನು ನಾವೇ ಬರೆಯಬಹುದು, 32 ಮೆಟ್ಟಿಲು ಅಷ್ಟೇ, ಒಂದೊಂದು ಮೆಟ್ಟಿಲಿಗೆ 4 ಬಿಟ್, ಅಂದರೆ 16 ಎತ್ತರದಲ್ಲಿ ಯಾವುದಾದರೂ ಒಂದು. ಇದರಲ್ಲಿ 8 ಎಲ್ಲಿದೆ?

ನನಗೆ ಇದರಲ್ಲಿ ಇಷ್ಟ ಆಗುವುದೇ ಈ ಬಡತನ. ಹಾರ್ಮೋನಿಯಂನಲ್ಲಿ ಮೂರು ಸ್ವರ ಒಟ್ಟಿಗೆ ಒತ್ತಿದ ಹಾಗೆ ಇಲ್ಲಿ ಒತ್ತಲಿಕ್ಕೆ ಹೋದರೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಅದಕ್ಕೆ ಆ ಮೂರನ್ನೂ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಎಷ್ಟು ಬೇಗ ಓಡಿಸುತ್ತಾರೆ ಎಂದರೆ, ಕಿವಿ ಮೋಸ ಹೋಗಿ ಒಟ್ಟಿಗೇ ಕೇಳಿದ ಹಾಗಾಗುತ್ತದೆ. ಆ ಗುಳುಗುಳು ಸದ್ದೇ ಇದರ ಗುರುತು. ಪದ ಮಾಡುವುದಾದರೆ ಅದರ ಮೇಲೆ ಮಾಡಿ.

ಇನ್ನೊಂದು. ಫೋನಿನ ಆ್ಯಪ್‌ನಲ್ಲಿ ಆ ಚಿಪ್ ಇರುವುದೇ ಇಲ್ಲ, ಲೆಕ್ಕ ಹಾಕಿ ಅದರ ನಕಲು ಮಾಡುತ್ತದೆ. ಹಿಂದೆ ಅಮಿಗಾ ಕಂಪ್ಯೂಟರಿನಲ್ಲೂ ಪುಟ್ಟ ಪುಟ್ಟ ದನಿಯ ತುಣುಕುಗಳನ್ನು ಸುತ್ತಿಸಿ ಇದೇ ತರಹ ಕೇಳುವಂತೆ ಮಾಡಿದ ಹಾಡುಗಳಿಗೆ ಚಿಪ್‌ಟ್ಯೂನ್ ಎಂದೇ ಕರೆದರು. ಇಂಗ್ಲಿಷಿನವರಿಗೇ ಚಿಪ್ಪಿನ ಹಂಗಿಲ್ಲ. ನಮಗೆ ಯಾಕೆ?

ಉಡುಪಿಯಿಂದ, ಮಧ್ಯಾಹ್ನ 12.15

ಕುಂದಾಪುರದವರೇ, ಇದನ್ನೆಲ್ಲ ಶಿಬಿರಕ್ಕೇ ಬಂದು ಹೇಳಿ, ಊಟ ಇದೆ. ಆದರೆ ಪದ? ಟ್ಯೂನ್‌ಗಾದರೂ ಒಂದು ಹೇಳಿ. ಧಾಟಿ ಆಗುತ್ತದಾ?

ಪುತ್ತೂರಿನಿಂದ, 12.40

ಧಾಟಿ ಎಂದರೆ ಹೇಳುವ ರೀತಿ. ಟ್ಯೂನ್‌ಗೆ ಮಟ್ಟು ಇದೆ. ಹಳೆ ಹಾಡಿನ ಪುಸ್ತಕಗಳಲ್ಲಿ 'ಇಂಥ ಹಾಡಿನ ಮಟ್ಟು' ಎಂದು ಮೇಲೆಯೇ ಬರೆದಿರುತ್ತಿತ್ತು. ಚಿಪ್ಪುಲಿ ಬೇಡವಾದರೆ ಚಿಪ್ಪುಮಟ್ಟು.

ಮಂಗಳೂರಿನಿಂದ, 12.48

ಉಡುಪಿಯಲ್ಲಿ ಮಟ್ಟು ಎಂದರೆ ಗುಳ್ಳ ಬದನೆ ಬೆಳೆಯುವ ಊರು. ಅಮ್ಮನಿಗೆ ಚಿಪ್ಸ್ ಆಯಿತು, ಈಗ ಸಾಂಬಾರೂ ಆಗಲಿ.

ನನಗೆ ಒಂದು ಅರ್ಥ ಆಗುವುದಿಲ್ಲ. ಚಾವಿ, ಪಗಾರ, ಬಟಾಟೆ, ಇವೆಲ್ಲ ಪೋರ್ಚುಗೀಸರಿಂದ ಬಂದವು. ನಮ್ಮ ಅಜ್ಜಿಗೆ ಅದು ಗೊತ್ತೇ ಇರಲಿಲ್ಲ, ಅವರ ಕನ್ನಡಕ್ಕೆ ಏನೂ ಆಗಲಿಲ್ಲ. ಒಂದು ಚಿಪ್‌ಟ್ಯೂನ್ ಬಂದರೆ ಏನು ಮುಳುಗುತ್ತದೆ? ಪದ ಬೇಕಾದವರು ಒಬ್ಬರು, ಅದನ್ನು ಹೊಸೆದು ಹೊಸೆದು ಅವರ ಬಾಯಿಗೇ ಬಾರದ ಹಾಗೆ ಮಾಡುವವರು ನಾವು ಮೂರು ಜನ.

ಪುತ್ತೂರಿನಿಂದ, 1.10

ಚಾವಿಗೆ ಬೀಗದಕೈ ಇದೆ. ಪಗಾರಕ್ಕೆ ಸಂಬಳ ಇದೆ. ನೀವು ಬಳಸುವುದಿಲ್ಲ, ಅಷ್ಟೇ.

ಮಂಗಳೂರಿನಿಂದ, 1.12

ಬಟಾಟೆಗೆ?

ಪುತ್ತೂರಿನಿಂದ, 1.25

ಆಲೂಗಡ್ಡೆ.

ಮಂಗಳೂರಿನಿಂದ, 1.26

ಆಲೂ ಯಾವ ಊರಿನ ಕನ್ನಡ ಮಾಷ್ಟ್ರೇ? ಅರ್ಧ ಸಾಲ, ಅರ್ಧ ಗೆಡ್ಡೆ. ಅದನ್ನು ಒಪ್ಪುವವರು ಚಿಪ್‌ಹಾಡು ಯಾಕೆ ಒಪ್ಪಬಾರದು?

ಪುತ್ತೂರಿನಿಂದ, 2.40

ಊಟ ಮಾಡಿ ಯೋಚಿಸಿದೆ. ಚಿಪ್‌ಹಾಡು ಅರಿಸಮಾಸ ಆಗುತ್ತದೆ ಎನ್ನುವ ವಾದ ನಾನು ಮಾಡುವುದಿಲ್ಲ, ಅದು ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದಾಗಿನ ಮಾತು. ಆದರೂ ಕಿವಿಗೆ ಕಲ್ಲು ಸಿಕ್ಕಿದ ಹಾಗಿದೆ. ನಡುವೆ 'ಇನ' ಸೇರಿಸಿದರೆ ಚಿಪ್ಪಿನ ಹಾಡು. ಆಗ ಮತ್ತೆ ಮರುವಾಯಿ ಎನ್ನುತ್ತೀರಿ.

ಕುಂದಾಪುರದಿಂದ, 3.05

ಹೌದು, ಎನ್ನುತ್ತೇವೆ.

ಉಡುಪಿಯಿಂದ, 4.50

ಅಂಗಡಿಯಲ್ಲೇ ನಿಂತು ಬರೆಯುತ್ತಿದ್ದೇನೆ. ಮೇಲೆ ದೊಡ್ಡದಾಗಿ 'ಚಿಪ್‌ಟ್ಯೂನ್' ಎಂದೇ ಉಳಿಸಿದೆ, ಮಕ್ಕಳು ಯೂಟ್ಯೂಬಿನಲ್ಲಿ ಹುಡುಕಬೇಕಾದರೆ ಆ ಪದವೇ ಬೇಕು. ಅದರ ಕೆಳಗೆ 'ಹಳೆ ಗೇಮ್ ಪೆಟ್ಟಿಗೆಯಲ್ಲಿ ಹೊಸ ಹಾಡು ಕಟ್ಟೋಣ'. ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. ಹಾರ್ಮೋನಿಯಂ ತರಹದ್ದಾ ಎಂದರು. ಹೆಚ್ಚುಕಮ್ಮಿ ಹೌದು ಎಂದೆ. ಎಲ್ಲರಿಗೂ ಥ್ಯಾಂಕ್ಸ್, ಮಾಷ್ಟ್ರಿಗೆ ಧನ್ಯವಾದ.

ಪುತ್ತೂರಿನಿಂದ, 5.20

'ಕಟ್ಟೋಣ' ಒಳ್ಳೆಯ ಪದ. ಆದರೆ ಗೇಮ್ ಯಾಕೆ? ಆಟದ ಪೆಟ್ಟಿಗೆ ಎನ್ನಬಹುದಿತ್ತು.

ಕುಂದಾಪುರದಿಂದ, 5.31

ಉಡುಪಿಯಲ್ಲಿ ಆಟ ಎಂದರೆ ಯಕ್ಷಗಾನ, ಹಾಗೆ ಬ್ಯಾನರ್ ಹಾಕಿದರೆ ಫೋನ್ ನಿಲ್ಲುವುದಿಲ್ಲ ಮಾರಾಯ್ರೇ. ಯಾವ ಮೇಳ, ಭಾಗವತರು ಯಾರು, ಕಾಲಮಿತಿಯಾ ಇಡೀ ರಾತ್ರಿಯಾ ಎಂದು ಕೇಳುತ್ತಾರೆ.