ಕುದುರೆ ಟ್ರೇಲರ್ ಟ್ಯಾಂಕಿನ ನೀರಿಗೆ ಮತ್ತೆ ಮತ್ತೆ ವಾಸನೆ, ಬ್ಲೀಚ್ ಹಾಕಿದರೂ ಹೋಗುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ನಮ್ಮ ಟ್ರೇಲರ್‌ನಲ್ಲಿ 100 ಲೀಟರಿನ ಬಿಳಿ ಪ್ಲಾಸ್ಟಿಕ್ ಟ್ಯಾಂಕ್ ಇದೆ. ಒಂದು ತಿಂಗಳಿಂದ ನೀರಿಗೆ ಒಂಥರಾ ಕೆಸರಿನ ವಾಸನೆ. ಎರಡು ಸಲ ಬ್ಲೀಚ್ ಹಾಕಿ ತೊಳೆದೆ. ನಾಲ್ಕು ದಿನ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ ಕಥೆ. ಮೊನ್ನೆ ದಾರಿಯಲ್ಲಿ ಬಕೆಟ್ ಇಟ್ಟರೆ ನಮ್ಮ ಹೆಣ್ಣು ಕುದುರೆ ಮೂಸಿ ನೋಡಿ, ಮೇಲ್ತುಟಿ ಮಡಚಿ, ಮುಖ ತಿರುಗಿಸಿಬಿಟ್ಟಳು. ಆರು ಗಂಟೆ ಪ್ರಯಾಣ, ಒಂದು ಗುಟುಕೂ ಕುಡಿಯಲಿಲ್ಲ. ತುಂಬಾ ಭಯ ಆಯಿತು.

ಉತ್ತರ:
ಭಯ ಪಟ್ಟಿದ್ದು ಸರಿಯೇ. ಕುದುರೆಗೆ ದಿನಕ್ಕೆ 25ರಿಂದ 50 ಲೀಟರ್ ನೀರು ಬೇಕು. ಒಣಹುಲ್ಲು ತಿಂದು ನೀರು ಕುಡಿಯದಿದ್ದರೆ ಮೇವು ಕರುಳಲ್ಲಿ ಗಟ್ಟಿಯಾಗಿ ಹೊಟ್ಟೆನೋವು ಶುರುವಾಗಬಹುದು. ಮೊದಲು ಒಂದು ಕೆಲಸ ಮಾಡಿ. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಟ್ಯಾಂಕಿನ ಒಳಗೋಡೆ ಮತ್ತು ನಲ್ಲಿಯ ಬಾಯಿ, ಎರಡನ್ನೂ ಉಜ್ಜಿ. ಏನು ಬಂತು ಹೇಳಿ.

ಪ್ರಶ್ನೆ:
ಗೋಡೆ ಸ್ವಲ್ಪ ಜಾರುತ್ತೆ, ಅಷ್ಟೇ. ನಲ್ಲಿಯೊಳಗಿಂದ ಮಾತ್ರ ಹಸಿರು-ಕಂದು ಲೋಳೆ ಬಂತು, ಬಟ್ಟೆ ಪೂರ್ತಿ ಅಂಟಂಟು!

ಉತ್ತರ:
ಸಿಕ್ಕಿತಲ್ವಾ! ಬ್ಲೀಚ್ ಆ ಲೋಳೆಯ ಮೇಲ್ಪದರವನ್ನು ಮಾತ್ರ ಸಾಯಿಸುತ್ತೆ. ಅಡಿಯಲ್ಲಿ ಉಳಿದದ್ದು ನಾಲ್ಕೇ ದಿನದಲ್ಲಿ ಮತ್ತೆ ಬೆಳೆಯುತ್ತೆ. ಹಾಗಾಗಿ ಮೊದಲು ಉಜ್ಜಬೇಕು, ಬ್ಲೀಚ್ ಆಮೇಲೆ. ನಲ್ಲಿ ಬಿಚ್ಚಿ ಬಾಟಲಿ ಬ್ರಷ್‌ನಿಂದ ತಿಕ್ಕಿ. ಟ್ಯಾಂಕಿನೊಳಗೆ ಕೈ ಹೋಗದಿದ್ದರೆ ಅರ್ಧ ನೀರು, ಒಂದಷ್ಟು ಐಸ್ ತುಂಡು ಹಾಕಿ ಕುದುರೆ ಇಲ್ಲದೆ ಗಾಡಿ ಓಡಿಸಿ. ಒಳಗೆಲ್ಲಾ ತಾನೇ ತಿಕ್ಕಿಕೊಳ್ಳುತ್ತೆ.

ಆಮೇಲೆ ಟ್ಯಾಂಕ್ ತುಂಬಿಸಿ, ಸುವಾಸನೆ ಇಲ್ಲದ ಸಾದಾ ಬ್ಲೀಚ್ (5-6%) ಲೀಟರಿಗೆ 1 ಮಿಲಿಯಂತೆ, ನಿಮಗೆ 100 ಮಿಲಿ ಹಾಕಿ. ನಲ್ಲಿಯಲ್ಲಿ ಬ್ಲೀಚ್ ವಾಸನೆ ಬರುವವರೆಗೆ ನೀರು ಬಿಟ್ಟು ಮುಚ್ಚಿ. ಇಲ್ಲದಿದ್ದರೆ ಪೈಪಿನೊಳಗೆ ಹೋಗುವುದೇ ಇಲ್ಲ. ರಾತ್ರಿಯಿಡೀ ಬಿಡಿ, ಬೆಳಗ್ಗೆ ಖಾಲಿ ಮಾಡಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಬ್ಲೀಚ್ ಜೊತೆ ವಿನೆಗರ್ ಮಾತ್ರ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತೆ. ವರ್ಷಗಟ್ಟಲೆ ಇಟ್ಟ ಹಳೇ ಬಾಟಲಿಯೂ ಬೇಡ, ಅದರ ಶಕ್ತಿ ಇಳಿದಿರುತ್ತೆ.

ಇನ್ನೊಬ್ಬರ ಉತ್ತರ:
ನಲ್ಲಿ ಟ್ಯಾಂಕಿನ ತಳಕ್ಕಿಂತ ಒಂದು ಬೆರಳು ಮೇಲಿದೆಯಾ ನೋಡಿ. ಇದ್ದರೆ ಖಾಲಿ ಅಂದುಕೊಂಡ ಮೇಲೂ ಒಂದೆರಡು ಲೀಟರ್ ಅಲ್ಲೇ ಕೊಳೆಯುತ್ತೆ. ನಲ್ಲಿಯ ಎದುರು ಬದಿಗೆ ಜಾಕ್ ಕೊಟ್ಟು ಎತ್ತಿ ಬಸಿಯಿರಿ. ಬಿಳಿ ಪ್ಲಾಸ್ಟಿಕ್‌ನಲ್ಲಿ ಬೆಳಕು ಒಳಗೆ ಹೋಗುತ್ತೆ, ಪಾಚಿಗೆ ಅದೇ ಬೇಕು. ಏನಾದರೂ ಹೊದಿಸಿ. ತುಂಬಿಸುವ ಪೈಪನ್ನೂ ನೀರು ಬಸಿದು ಒಣಗಿಸಿ ಇಡಿ. ಬಿಸಿಲಲ್ಲಿ ಬಿದ್ದ ಪೈಪಿನ ಹಳೇ ನೀರೇ ಎಷ್ಟೋ ಸಲ ಟ್ಯಾಂಕಿಗೆ ಮೊದಲು ಹೋಗಿರುತ್ತೆ.

ಪ್ರಶ್ನೆ:
ಮೂರು ವಾರ ಆಯಿತು, ಹೇಳೋಣ ಅಂತ ಬಂದೆ. ಜಾಕ್ ಕೊಟ್ಟಾಗ ಎರಡು ಮಗ್ ಕಪ್ಪು ನೀರು ಬಂತು, ನಂಬುವುದಕ್ಕೇ ಆಗಲಿಲ್ಲ. ನಲ್ಲಿಯ ವಾಷರ್ ಹಿಂದೆಯೂ ಲೋಳೆ ಇತ್ತು, ಹೊಸದು ಹಾಕಿದೆ. ಈಗ ಪ್ರತಿ ಪ್ರಯಾಣ ಮುಗಿದ ಮೇಲೆ ಖಾಲಿ ಮಾಡಿ ಮುಚ್ಚಳ ತೆರೆದು ಒಣಗಿಸುತ್ತೇನೆ. ಹುಳ ಹೋಗದ ಹಾಗೆ ಬಾಯಿಗೆ ಸಣ್ಣ ಜಾಲರಿ ಕಟ್ಟಿದ್ದೇನೆ. ನಿನ್ನೆ ಬಿಳಿ ಬಟ್ಟೆ ಹಾಕಿ ಉಜ್ಜಿದೆ, ಬಿಳಿಯಾಗೇ ಬಂತು. ದಾರಿಯಲ್ಲಿ ಅವಳು ಅರ್ಧ ಬಕೆಟ್ ಕುಡಿದಳು.